ಜಗಲಿಗೆ ಬಂದ ಟಿವಿ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಟಿವಿ ರಿಪೇರಿ ಮಾಡಿದವನು. ಮೊದಮೊದಲು ನಮ್ಮೂರಿನ ಕೆಲವು ಮನೆಗಳಲ್ಲಿ ಟಿವಿ ಇದ್ದಲ್ಲಿಗೆ ನಾನು ಹೋಗುತ್ತಿರಲಿಲ್ಲ, ಟಿವಿಯೇ ನಾನಿದ್ದಲ್ಲಿಗೆ ಬರುತ್ತಿತ್ತು. ಇಬ್ಬರು ಗಂಡಸರು ಸಾಲಿಡೇರ್ ಪೆಟ್ಟಿಗೆಯನ್ನು ಪಲ್ಲಕ್ಕಿಯ ಹಾಗೆ ಎತ್ತಿಕೊಂಡು ಬಂದು ಜಗಲಿಯ ಮೇಲಿಡುವರು. ನಾನು ಹಿಂದಿನ ಮುಚ್ಚಳ ಬಿಚ್ಚಿ, ಧೂಳು ಊದಿ, ಸುಟ್ಟ ಕಂಡೆನ್ಸರ್ ತೆಗೆದು ಬೇರೆ ಹಾಕಿ, ಬೆಸುಗೆ ಆರುವ ತನಕ ಕೂತಿರುತ್ತಿದ್ದೆ. ಚಿತ್ರ ಬಂದ ಮೇಲೆ ಪೆಟ್ಟಿಗೆ ಒಳಗೆ ಹೋಗುತ್ತಿತ್ತು, ನಾನು ಮನೆಗೆ ಬರುತ್ತಿದ್ದೆ. ಆಂಟೆನಾ ಕಟ್ಟುವುದಿದ್ದರೆ ಮಾತ್ರ ಲೆಕ್ಕ ಬೇರೆ. ಮಾಳಿಗೆ ಹತ್ತಲೇಬೇಕಲ್ಲ. ಹೊರಗಿನಿಂದ ಏಣಿ ಹಾಕಿಕೊಟ್ಟರೆ ಹತ್ತಿ, ಅವರ ದೇವರ ಕೋಣೆಯ ನೆತ್ತಿಯ ಮೇಲೆ ನಿಂತು ಕಬ್ಬಿಣದ ಪೈಪು ನೆಡುತ್ತಿದ್ದೆ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಅರಸೀಕೆರೆ ಅಂದರೆ ಎಲ್ಲರಿಗೂ ನೆನಪಾಗುವುದು ಹಾಸನ ಜಿಲ್ಲೆಯ ರೈಲು ಜಂಕ್ಷನ್ನು. ನಮ್ಮದು ಅದಲ್ಲ, ಹರಪನಹಳ್ಳಿ ತಾಲೂಕಿನ ಅರಸೀಕೆರೆ, ಉಚ್ಚಂಗಿದುರ್ಗದ ಕಡೆಯದು. ರೈಲಿಲ್ಲ. ನಾನು ಹುಟ್ಟಿದಾಗ ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆ ಬದಲಾದಾಗಲೆಲ್ಲ ಅಂಗಡಿಯ ಬೋರ್ಡು ಬರೆಸಿದವನು ನಾನು. ನಾಲ್ಕನೇ ಸಲ ಪೇಂಟರ್ ಕೇಳಿದ, ಜಿಲ್ಲೆ ಹೆಸರು ಸೀಮೆಸುಣ್ಣದಾಗ ಬರೀಲೇನು ಅಂತ.

ನಮ್ಮದು ಸಮಗಾರರ ಮನೆ. ಅಪ್ಪ ಕೆರ ಹೊಲಿಯುತ್ತಿದ್ದ. ಅವನ ಅಡಿಗಲ್ಲಿನ ಹಿಂದೆ ಗೋಡೆಗೆ ಹರಳಯ್ಯನ ಕ್ಯಾಲೆಂಡರ್ ಪಟ ಇತ್ತು, ತಲೆಯ ಮೇಲೆ ಜೋಡು ಹೊತ್ತುಕೊಂಡು ಬಸವಣ್ಣನ ಮುಂದೆ ನಿಂತ ಹರಳಯ್ಯ. ಒಂದು ಶರಣಿಗೆ ಬಸವಣ್ಣ ಎರಡು ಶರಣು ಮರಳಿಸಿದನೆಂದು ಗಂಡಹೆಂಡಿರು ತಮ್ಮ ತೊಡೆಯ ಚರ್ಮದಿಂದಲೇ ಜೋಡು ಮಾಡಿದ ಕತೆ ನಮ್ಮ ಕೇರಿಯ ಎಲ್ಲ ಮಕ್ಕಳಿಗೂ ಬರುತ್ತಿತ್ತು. ಅದರ ಮುಂದಿನ ಕತೆಯನ್ನು ಅಪ್ಪ ದನಿ ತಗ್ಗಿಸಿ ಹೇಳುತ್ತಿದ್ದ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು. ಬಿಜ್ಜಳನ ಆಳ್ವಿಕೆ, ಹನ್ನೆರಡನೇ ಶತಮಾನ. ಬೀಗರಿಬ್ಬರಿಗೂ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆ ಆಯಿತು. ಆಮೇಲೆ ಕಲ್ಯಾಣವೇ ಉಳಿಯಲಿಲ್ಲ.

ಕನ್ನಡದವರು ತೆರೆಯ ಮೇಲೆ, ರಂಗದ ಮೇಲೆ ಬೆರೆತ ಮನೆಯನ್ನು ತೋರಿಸಿದ ಚರಿತ್ರೆ ಹೇಳಬೇಕಾದರೆ ನಾನು ಇಲ್ಲಿಂದಲೇ ಹೇಳಬೇಕು. ಬೇರೆ ದೇಶದವರಿಗೆ ಅದು ಕರಿಯರು ಬಿಳಿಯರ ಮಾತು. ನಮಗೆ ಅದು ಮೊದಲು ಜಾತಿಯ ಮಾತು, ಬಣ್ಣ ಆಮೇಲೆ ಬಂದು ಸೇರಿಕೊಂಡಿತು. ಆ ಮದುವೆಯನ್ನು ಎಷ್ಟು ಜನ ನಾಟಕ ಮಾಡಿದರು! ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಎಲ್ಲ ಆ ಕಲ್ಯಾಣದ ಸುತ್ತಲೇ ಇವೆ. ಸಿನಿಮಾದವರು ಇನ್ನೂ ಮೊದಲೇ ಅಲ್ಲಿಗೆ ಹೋಗಿದ್ದರು. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. ನಮ್ಮ ಸೀಮೆಯಲ್ಲಿ ಬಸವ ಜಯಂತಿಗೆ ಹುಡುಗರು ಆಡುವ ನಾಟಕಗಳಲ್ಲೂ ಎಳೆಹೂಟೆ ಇರುತ್ತದೆ, ಡೋಲು ಇರುತ್ತದೆ, ಕೆಂಪು ನೀರು ಇರುತ್ತದೆ. ನಾನು ನೋಡಿದ ಯಾವ ನಾಟಕದಲ್ಲೂ ಆ ಹುಡುಗಿ ಸಮಗಾರರ ಮನೆಯಲ್ಲಿ ಮೊದಲ ದಿನ ಒಲೆ ಹಚ್ಚಿದ್ದನ್ನು ತೋರಿಸಲಿಲ್ಲ. ಅವಳ ಹೆಸರು ಕೂಡ ಗಟ್ಟಿಯಾಗಿ ನಿಂತಿಲ್ಲ. ಒಬ್ಬರು ಲಾವಣ್ಯ ಎನ್ನುತ್ತಾರೆ, ಕಾರ್ನಾಡರಲ್ಲಿ ಅವಳು ಕಲಾವತಿ. ರಾಜ್ಯ ಉರುಳಿಸಿದ ಮದುವೆಯ ಮದುಮಗಳಿಗೆ ಒಂದೇ ಹೆಸರು ಕೊಡಲು ನಮಗೆ ಎಂಟು ನೂರು ವರ್ಷ ಸಾಲಲಿಲ್ಲ.

ಊರಿನ ಗೋಡೆಗಳ ಮೇಲೆ ನಾನು ಕಂಡ ಮೊದಲ ಜಾಹೀರಾತುಗಳು ಸೋಪಿನವೂ ಅಲ್ಲ, ಸಿನಿಮಾದವೂ ಅಲ್ಲ, ಬೀಜದವು. ಹೈಬ್ರಿಡ್ ಜೋಳ, ಹೈಬ್ರಿಡ್ ಹತ್ತಿ. ಸಿಎಸ್‌ಎಚ್-1 ಎಂಬ ಸಂಕರ ಜೋಳ 1964ರಲ್ಲೇ ಬಿಡುಗಡೆಯಾಗಿತ್ತು. 1972ರಲ್ಲಿ ಧಾರವಾಡದ ಡಾ. ಬಿ.ಎಚ್. ಕಟರ್ಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ಒಂದು ತಳಿ ತೆಗೆದರು. ಅದಕ್ಕಿಟ್ಟ ಹೆಸರು ವರಲಕ್ಷ್ಮಿ. ಎರಡು ಜಾತಿ ಬೆರೆತರೆ ಬಲ ಹೆಚ್ಚು, ಇಳುವರಿ ಹೆಚ್ಚು ಅಂತ ನಂಬಿಯೇ ರೈತರು ದುಡ್ಡು ಕೊಟ್ಟು ಚೀಲ ಒಯ್ದರು. ಅದೇ ರೈತರ ಬಾಯಲ್ಲಿ ‘ಹೈಬ್ರಿಡ್’ ಅನ್ನುವುದು ಜಾತಿ ಬಿಟ್ಟು ಮದುವೆಯಾದವರ ಮಕ್ಕಳಿಗೆ ಬೈಗುಳವಾಯಿತು. ಹೊಲದಲ್ಲಿ ಲಕ್ಷ್ಮಿ, ಓಣಿಯಲ್ಲಿ ಬೆರಕೆ.

1972ರ ಡಿಸೆಂಬರ್ ಕೊನೆಗೆ ‘ನಾಗರಹಾವು’ ಬಂತು. ನಮ್ಮ ಕಡೆಯ ಟೂರಿಂಗ್ ಟಾಕೀಸಿಗೆ ರೀಲು ಬರುವಷ್ಟರಲ್ಲಿ ಬೇಸಿಗೆ ಒಂದು ಕಳೆದಿತ್ತು. ನನಗಾಗ ಹದಿನಾರು, ಟೆಂಟಿನಲ್ಲಿ ರೀಲು ಸುತ್ತುವ ಕೆಲಸ, ದಿನಕ್ಕೆ ಎಂಟಾಣೆ. ಪುಟ್ಟಣ್ಣ ಕಣಗಾಲ್ ಆ ಚಿತ್ರವನ್ನು ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳಿಂದ ಹೊಸೆದಿದ್ದರು. ತೆಗೆದದ್ದು ಚಿತ್ರದುರ್ಗದ ಕೋಟೆಯಲ್ಲಿ. ಜಗಳೂರಿನ ಮೇಲೆ ಹೋದರೆ ನಮಗೆ ಅದು ನೆರೆಮನೆ. ಹಾಗಾಗಿ ತೆರೆಯ ಮೇಲೆ ಬಂಡೆ ಕಂಡಾಗಲೆಲ್ಲ ಟೆಂಟಿನಲ್ಲಿ ಯಾರಾದರೊಬ್ಬರು, ಅಲ್ಲೇ ನಾನು ಬುತ್ತಿ ಬಿಚ್ಚಿದ್ದು ಅಂತ ಕೂಗುತ್ತಿದ್ದರು.

ಆ ಕತೆಯ ನಾಯಕ ರಾಮಾಚಾರಿಯಿಂದ ಎರಡು ಬೆರೆತ ಮನೆಗಳು ಹುಟ್ಟಬೇಕಾಗಿತ್ತು. ಅಲಮೇಲು ಜೊತೆಗಿನದು ಜಾತಿಗಾಗಿ ಮುರಿಯಿತು, ಮಾರ್ಗರೆಟ್ ಜೊತೆಗಿನದು ಧರ್ಮಕ್ಕಾಗಿ. ಎರಡಕ್ಕೂ ಅಡ್ಡ ನಿಂತವರು ಕೆಟ್ಟವರೇನಲ್ಲ, ರಾಮಾಚಾರಿಯನ್ನು ಮಗನಿಗಿಂತ ಹೆಚ್ಚು ಪ್ರೀತಿಸುವ ಚಾಮಯ್ಯ ಮೇಷ್ಟ್ರು. ಅಶ್ವತ್ಥ್ ಆ ಪಾತ್ರ ಮಾಡಿದ ರೀತಿಯಲ್ಲಿ ಬೇಡ ಅನ್ನುವುದಕ್ಕೂ ಒಂದು ಮರ್ಯಾದೆ ಬಂದುಬಿಟ್ಟಿತು. ಕಡೆಗೆ ಮೇಷ್ಟ್ರು ಬಂಡೆಯಿಂದ ಬಿದ್ದರು, ಜೋಡಿ ಹಾರಿತು. ನಮ್ಮಪ್ಪ ಟವಲಿನಲ್ಲಿ ಮೂಗು ಒರೆಸಿಕೊಂಡ. ನಾನು ಕೊನೆಯ ರೀಲನ್ನು ಹಿಂದಕ್ಕೆ ಸುತ್ತುತ್ತ ಕೂತಿದ್ದೆ. ಟೆಂಟು ತುಂಬ ಅಳು. ಗೌಡರ ಪೈಕಿಯವರು ಕುರ್ಚಿಯಲ್ಲಿ, ನಾವು ನೆಲದಲ್ಲಿ, ಅಳುವಾಗ ಮಾತ್ರ ಎಲ್ಲರ ಸದ್ದೂ ಒಂದೇ. ನನ್ನ ಅಭಿಪ್ರಾಯ ಹೇಳುವುದಾದರೆ, ಆ ಜೋಡಿ ಸತ್ತದ್ದರಿಂದಲೇ ಎಲ್ಲರೂ ಅಷ್ಟು ಧಾರಾಳವಾಗಿ ಅತ್ತರು. ಬದುಕಿ, ಚಿತ್ರದುರ್ಗದಲ್ಲೇ ಬಾಡಿಗೆಗೆ ಒಂದು ಮನೆ ಕೇಳಿದ್ದರೆ ಕತೆ ಬೇರೆ ಆಗುತ್ತಿತ್ತು.

ಮೂರು ವರ್ಷಕ್ಕೆ ಪುಟ್ಟಣ್ಣನವರೇ ‘ಬಿಳೀ ಹೆಂಡ್ತಿ’ ತೆಗೆದರು. 1975. ಮ.ನ. ಮೂರ್ತಿಯವರ ಕಾದಂಬರಿ. ಬಿಳೀ ಹೆಂಡತಿಯ ಪಾತ್ರಕ್ಕೆ ಇಲ್ಲಿಯ ಯಾರಿಗೋ ಪೌಡರ್ ಬಳಿಯಲಿಲ್ಲ, ನಿಜವಾಗಿ ಬಿಳಿಯಳಾದ ಮಾರ್ಗರೆಟ್ ಥಾಮ್ಸನ್ ಎಂಬಾಕೆಯನ್ನೇ ಕರೆತಂದರು. ಅನಿಲ್ ಕುಮಾರ್, ಆರತಿ ಜೊತೆಗಿದ್ದರು. ಪೋಸ್ಟರು ಕೊಟ್ಟೂರು ಬಸ್ಸಿನ ಟಾಪಿನ ಮೇಲೆ ಸುರುಳಿಯಾಗಿ ಬಂತು. ಅಂಟು ಬಳಿದು ಗೋಡೆಗೆ ಹಚ್ಚಿದವನು ನಾನೇ. ಹಚ್ಚಿ ಕೆಳಗಿಳಿಯುವಷ್ಟರಲ್ಲಿ ಜನ ಸೇರಿದ್ದರು. ಸಂತೆಗೆ ಬಂದ ಮುದುಕಿಯೊಬ್ಬಳು ಪೋಸ್ಟರಿನ ಕೆನ್ನೆ ಮುಟ್ಟಿ ನೋಡಿ, “ಇಕಿಗೆ ಜಾತಿ ಯಾವುದಪಾ?” ಅಂದಳು. ಬಿಳೇರಿಗೆ ಜಾತಿ ಇಲ್ಲಬೇ ಅಂದೆ. “ಹಂಗಾರ ತೊಂದ್ರೆ ಇಲ್ಲ ಬಿಡು,” ಅಂದಳು. ಆ ಮಾತು ನನಗೆ ಆವತ್ತು ತಮಾಷೆಯಾಗಿ ಕಂಡಿತು. ಅದರ ಅರ್ಥ ಆಗಲಿಕ್ಕೆ ನಲವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅದೇ 1975ರಲ್ಲಿ ಹಿಂದುಸ್ತಾನ್ ಲೀವರಿನವರು ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ತಂದರು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಟಿವಿಯಲ್ಲಿ ‘ದಿ ಜೆಫರ್ಸನ್ಸ್’ ಎಂಬ ಧಾರಾವಾಹಿ ಶುರುವಾಯಿತು, ಅದರಲ್ಲಿ ವಿಲಿಸ್ ಎಂಬ ಮನೆತನ, ಗಂಡ ಬಿಳಿಯ, ಹೆಂಡತಿ ಕರಿಯಳು, ವಾರ ವಾರವೂ ಬಂದು ನಗಿಸುವ ನೆರೆಮನೆಯವರು. ಅದಕ್ಕೆ ಎಂಟೇ ವರ್ಷ ಹಿಂದೆ, 1967ರಲ್ಲಿ, ಅಲ್ಲಿಯ ಸುಪ್ರೀಂ ಕೋರ್ಟು ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ಅಂಥ ಮದುವೆ ತಡೆಯುವ ಕಾನೂನುಗಳನ್ನು ಹೊಡೆದುಹಾಕಿತ್ತು. ತೀರ್ಪು ಬಂದ ಹೊತ್ತಿಗೂ ಹದಿನಾರು ರಾಜ್ಯಗಳಲ್ಲಿ ಆ ಕಾನೂನು ಇತ್ತಂತೆ. 1951ರಲ್ಲಿ ‘ಐ ಲವ್ ಲೂಸಿ’ ಶುರುವಾಗುವಾಗ ಲೂಸಿಲ್ ಬಾಲ್ ತನ್ನ ನಿಜವಾದ ಗಂಡ, ಕ್ಯೂಬಾದ ಡೆಸಿ ಅರ್ನಾಜನೇ ಗಂಡನ ಪಾತ್ರ ಮಾಡಬೇಕು ಎಂದಾಗ ಟಿವಿಯವರು ಜನ ಒಪ್ಪುತ್ತಾರೋ ಇಲ್ಲವೋ ಎಂದು ಹಿಂದೆಮುಂದೆ ನೋಡಿದ್ದರು. ಇದೆಲ್ಲ ನನಗೆ ಹೇಳಿದವನು ನಮ್ಮಣ್ಣನ ಮಗ. ಅವನ ಮಾತು ಮುಂದೆ ಬರುತ್ತದೆ.

ದಾವಣಗೆರೆಯ ರೇಡಿಯೊ ಅಂಗಡಿಯೊಂದರಲ್ಲಿ ಬೆಸುಗೆ ಕಲಿತು ನಾನು ಊರಿಗೆ ಮರಳಿದಾಗ ಟಿವಿ ಕಾಲ ಶುರುವಾಗಿತ್ತು. ಬೆಂಗಳೂರು ದೂರದರ್ಶನ 1981ರ ರಾಜ್ಯೋತ್ಸವದ ದಿನ ಆರಂಭವಾಯಿತು. ನಮಗೆ ಚಿತ್ರ ಸಿಕ್ಕಿದ್ದು ತಡವಾಗಿ, ಅದೂ ಮಾಳಿಗೆಗಿಂತ ಎತ್ತರದ ಪೈಪು, ಬೂಸ್ಟರು, ಮೇಲೆ ನಿಂತು ತಿರುಗಿಸುವವನೊಬ್ಬ, ಕೆಳಗೆ ‘ಬಂತು, ಬಂತು, ಹೋತು’ ಅನ್ನುವವನೊಬ್ಬ ಇದ್ದರೆ. 1987ರಲ್ಲಿ ‘ರಾಮಾಯಣ’ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ನಾನು ಸ್ನಾನ ಮಾಡಿದ್ದಿಲ್ಲ. ಯಾವ ಮನೆಯಲ್ಲಿ ಚುಕ್ಕಿ ಬಂದರೂ ಕರೆ. ಆ ಒಂದು ತಾಸಿನ ಮಟ್ಟಿಗೆ ಜಗಲಿಯ ಕಟ್ಟಳೆಯೂ ಸಡಿಲವಾಗುತ್ತಿತ್ತು. ಸೀತಾಪಹರಣದ ದಿನ ಒಬ್ಬ ಯಜಮಾನರು ಕಿಟಕಿಯಿಂದಲೇ ನನ್ನ ಕೈ ಒಳಗೆ ತೂರಿಸಿಕೊಂಡು ಟ್ಯೂನರ್ ತಿರುಗಿಸಿಕೊಂಡರು. ಕೈ ಮಾತ್ರ ಒಳಗೆ ಹೋಯಿತು.

1988ರ ಆಗಸ್ಟ್ 15ರಿಂದ ‘ಮಿಲೇ ಸುರ್’ ಹಾಡು ಬರತೊಡಗಿತು. ದೇಶವೆಲ್ಲ ಒಂದೇ ಮನೆ ಅನ್ನುವ ಸರ್ಕಾರದ ಜಾಹೀರಾತು ಅದು. ಕೇಳಲಿಕ್ಕೆ ಬಲು ಸೊಗಸು. ರಿಪೇರಿ ಮಾಡುತ್ತ ಎಷ್ಟೋ ಸಲ ನೋಡಿದ ಮೇಲೆ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೊಂದು ಭಾಷೆಯವರು ಒಂದೊಂದು ಚೌಕಟ್ಟಿನಲ್ಲಿ, ತಮ್ಮ ತಮ್ಮ ಹೊಳೆ, ಬೆಟ್ಟ, ಸಮುದ್ರದ ಮುಂದೆ ನಿಂತು ಹಾಡುತ್ತಾರೆ. ದನಿ ಬೆರೆಯುತ್ತದೆ, ಅಡುಗೆಮನೆ ಬೆರೆಯುವುದಿಲ್ಲ. ಕನ್ನಡದವಳು ಬಂಗಾಳಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತ ಹಾಡುವ ಒಂದು ತುಣುಕಿದ್ದಿದ್ದರೆ ಆ ಹಾಡು ಅಷ್ಟು ವರ್ಷ ಓಡುತ್ತಿತ್ತೋ ಇಲ್ಲವೋ.

ಜಾಹೀರಾತಿನಲ್ಲಿ ಮಾತ್ರ ಗೊತ್ತಿಲ್ಲದೆಯೇ ಒಂದು ಬೆರಕೆ ನಡೆಯಿತು. ಕನ್ನಡದಲ್ಲಿ ಡಬ್ಬಿಂಗ್ ಸಿನಿಮಾ ಬೇಡವೆಂದು ಚಿತ್ರರಂಗ ದಶಕಗಳ ಕಾಲ ಹಟ ಹಿಡಿದಿತ್ತು, ಆ ಅಡ್ಡಿ ಸರಿಯಲ್ಲವೆಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಜಾಹೀರಾತಿಗೆ ಆ ತಡೆ ಇರಲೇ ಇಲ್ಲ. ಮುಂಬಯಿಯ ಅತ್ತೆ ಬಲಗಡೆ ಸೆರಗು ಹಾಕಿಕೊಂಡು, ಮೈಸೂರಿನ ಕನ್ನಡದಲ್ಲಿ, ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತ, ಸೊಸೆಗೆ ಸೋಪಿನ ಪುಡಿಯ ಗುಣ ವಿವರಿಸುತ್ತಿದ್ದಳು. ನನ್ನ ಹೆಂಡತಿ ಅವಳಿಗೆ ‘ಬಾಯಿ ತಪ್ಪಿದಾಕಿ’ ಎಂದು ಹೆಸರಿಟ್ಟಿದ್ದಳು. ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿರಲಿಲ್ಲ, ಹಿಂಡಿಪಲ್ಲೆ ಇರಲಿಲ್ಲ, ಹಣೆಗೆ ವಿಭೂತಿ ಇರಲಿಲ್ಲ, ಜಾತಿ ಯಾವುದೆಂದು ಹೇಳುತ್ತಿರಲಿಲ್ಲ. ಹೇಳದಿದ್ದರೂ ನಮಗೆ ಗೊತ್ತಾಗುತ್ತಿತ್ತು. ಕೋಳಿ ಕುದಿಯದ ಅಡುಗೆಮನೆ, ಬೆಳ್ಳಗಿನ ಮಕ್ಕಳು, ಬಾಗಿಲಲ್ಲಿ ಬಿಡಲು ಚಪ್ಪಲಿಯೇ ಇಲ್ಲದ ಮನೆ. ಚಪ್ಪಲಿ ಇಲ್ಲದ್ದನ್ನು ಮೊದಲು ಗಮನಿಸಿದವನು ನಮ್ಮಪ್ಪ.

ನಿಜವಾದ ಬೆರೆತ ಮನೆಯನ್ನು ನಾನು ನೋಡಿದ್ದು ದಾವಣಗೆರೆಯಲ್ಲಿ, ಮಾಳಿಗೆಯ ಮೇಲೆ. ನಮ್ಮೂರಿನ ಒಬ್ಬ ಹುಡುಗಿ, ಮಡಿ ಇದ್ದ ಮನೆಯವಳು, ನಮ್ಮ ಕೇರಿಯ ಹುಡುಗನ ಜೊತೆ ತೊಂಬತ್ತರ ಸುಮಾರಿಗೆ ಊರು ಬಿಟ್ಟಿದ್ದಳು. ಹೆಸರು ಬೇಡ, ಇಬ್ಬರೂ ಇದ್ದಾರೆ. ಎರಡು ವರ್ಷದ ಮೇಲೆ ಅವನು ಕಾಗದ ಬರೆದು ಆಂಟೆನಾ ಕಟ್ಟಿಕೊಡಲು ಕರೆದ. ಪೇಟೆಯಲ್ಲಿ ನೂರು ಮೆಕ್ಯಾನಿಕ್ಕುಗಳಿದ್ದರೂ ನನ್ನನ್ನೇ ಯಾಕೆ ಕರೆದ ಎಂದು ಹೋದ ಮೇಲೆ ತಿಳಿಯಿತು, ಊರಿನ ಸುದ್ದಿ ಬೇಕಾಗಿತ್ತು. ಅವಳು ಕೇಳಲಿಲ್ಲ, ಚಹಾ ಕೊಟ್ಟು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಕೆಳಗೆ ಗ್ಯಾಸಿನ ಒಲೆಯಲ್ಲಿ ಅವಳ ಅನ್ನ, ಸಾರು. ಮೇಲೆ ನನ್ನ ಆಂಟೆನಾದ ಪೈಪಿನ ಪಕ್ಕ ಅವನ ಸೀಮೆಎಣ್ಣೆ ಸ್ಟವ್. ಭಾನುವಾರ ಅವನು ಅಲ್ಲಿ ಕೋಳಿ ಮಾಡಿಕೊಳ್ಳುತ್ತಿದ್ದ. “ಇಕಿ ತಿನ್ನಂಗಿಲ್ಲ, ಆದ್ರ ಖಾರ ಅರದು ಕೊಡ್ತಾಳ,” ಅಂದ. ಅವಳು ಕೆಳಗಿನಿಂದಲೇ, “ಉಪ್ಪು ಮಾತ್ರ ನಾ ನೋಡಂಗಿಲ್ಲ,” ಅಂದಳು. ಇಬ್ಬರೂ ನಕ್ಕರು. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಸ್ಟವ್ ಒಂದು ಮಳೆಗಾಲದಲ್ಲಿ ಕೆಳಗಿಳಿಯಿತು, ಹಿತ್ತಿಲ ಬಾಗಿಲ ಹತ್ತಿರ ಬಂತು. ಮಗಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಒಳಗೇ ಬಂದಿತ್ತು. ಆ ಸ್ಟವ್ ಮಾಳಿಗೆಯಿಂದ ಅಡುಗೆಮನೆಗೆ ಇಳಿಯಲು ಹನ್ನೆರಡು ವರ್ಷ ತೆಗೆದುಕೊಂಡಿತು. ಧಾರಾವಾಹಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕತೆ ಬೇಕೆ?

ಧಾರಾವಾಹಿಗಳು ಆಗ ಬಂದಿದ್ದವು. 1994ರಲ್ಲಿ ಉದಯ, 2000ದ ಕೊನೆಗೆ ಈಟಿವಿ, ಆಮೇಲೆ ಜೀ. ನಡುವೆ ಟಿ.ಎನ್. ಸೀತಾರಾಂ ಮತ್ತು ಗೆಳೆಯರ ‘ಮಾಯಾಮೃಗ’ಕ್ಕೆ ಊರೆಲ್ಲ ಕೆಲಸ ಬಿಟ್ಟು ಕೂರುತ್ತಿತ್ತು. ಆದರೆ ಬರಬರುತ್ತ ಧಾರಾವಾಹಿಯ ಮನೆಗಳಿಂದ ಜಾತಿಯ ಹೆಸರು ಪೂರ್ತಿ ಕಾಣೆಯಾಯಿತು. ಶ್ರೀಮಂತ, ಬಡವ ಎರಡೇ ಜಾತಿ. ಬಡವರ ಹುಡುಗಿ ಬಂಗಲೆಗೆ ಸೊಸೆಯಾಗಿ ಬರುತ್ತಾಳೆ, ಅತ್ತೆ ಒಪ್ಪುವುದಿಲ್ಲ, ಮುಖದ ಮೇಲೆ ಮೂರು ಸಲ ಗುಡುಗು. ಜಾತಿ ಎಂದು ಹೇಳಲಾಗದ್ದನ್ನೆಲ್ಲ ದುಡ್ಡು ಎಂದು ಹೇಳಿ ಮುಗಿಸುತ್ತಾರೆ. 2021ರಲ್ಲಿ ಕಲರ್ಸ್ ಕನ್ನಡದ ‘ಲಕ್ಷಣ’ದಲ್ಲಿ ಕಪ್ಪು ಹುಡುಗಿಯನ್ನೇ ನಾಯಕಿ ಮಾಡಿದರು, ಅಷ್ಟಾದರೂ ಆಯಿತು. ಅದರ ಹಿಂದಿನ ವರ್ಷ ಫೇರ್ ಅಂಡ್ ಲವ್ಲಿಯ ಹೆಸರಿನಿಂದ ‘ಫೇರ್’ ಬಿದ್ದು ‘ಗ್ಲೋ’ ಬಂದಿತ್ತು. ನಮ್ಮೂರಿನ ಅಂಗಡಿಯಲ್ಲಿ ಇಂದಿಗೂ ಹಳೆಯ ಹೆಸರು ಹೇಳಿದರೇ ಕೊಡುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿಗಳು ಆಫ್ರಿಕಾ ಮೂಲದವರು, ನೂರಾರು ವರ್ಷದಿಂದ ಇಲ್ಲಿಯವರೇ. ಅವರಲ್ಲಿ ಕೆಲವರು ನಾಟಕ, ಸಿನಿಮಾದಲ್ಲಿ ಒಳ್ಳೆಯ ಹೆಸರು ಮಾಡಿದ್ದಾರೆ. ಟೀ ಪುಡಿಯ ಜಾಹೀರಾತಿನಲ್ಲಿ ಸಿದ್ದಿ ತಾಯಿಯೊಬ್ಬಳು ಮಗುವಿಗೆ ಹಾಲು ಕೊಡುವುದನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

ಟೀ ಪುಡಿ ಎಂದಾಗ ನೆನಪಾಯಿತು. 2014ರ ಸುಮಾರಿಗೆ ರೆಡ್ ಲೇಬಲ್ಲಿನ ಒಂದು ಜಾಹೀರಾತು ಬರುತ್ತಿತ್ತು. ಮನೆಯ ಕೀಲಿ ಕಳೆದುಕೊಂಡು ಹೊರಗೇ ಉಳಿದ ಹಿಂದೂ ಗಂಡಹೆಂಡಿರನ್ನು ನೆರೆಮನೆಯ ಮುಸ್ಲಿಂ ಹೆಂಗಸು ಚಹಾಕ್ಕೆ ಕರೆಯುತ್ತಾಳೆ, ಗಂಡ ಮೊದಲು ಹಿಂಜರಿದು, ಘಮಕ್ಕೆ ಸೋತು ಒಳಗೆ ಬರುತ್ತಾನೆ. ನನಗೆ ಆ ಜಾಹೀರಾತು ಇಷ್ಟ. ಹೊಸ್ತಿಲ ಹತ್ತಿರ ಒಬ್ಬ ಮನುಷ್ಯನ ಕಾಲು ಹೇಗೆ ನಿಲ್ಲುತ್ತದೆ ಎನ್ನುವುದನ್ನು ತೋರಿಸಿದ್ದರು. ಹೊಸ್ತಿಲ ಆಚೆ ನಿಂತ ಅನುಭವವಿದ್ದವನಿಗೆ ಅದು ಸುಳ್ಳು ಅನ್ನಿಸಲಿಲ್ಲ.

2020ರ ಅಕ್ಟೋಬರಿನಲ್ಲಿ ತನಿಷ್ಕ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಡವೆಯ ಹೆಸರು ‘ಏಕತ್ವಂ’. ಮುಸ್ಲಿಂ ಅತ್ತೆ ಹಿಂದೂ ಸೊಸೆಗೆ ಸೀಮಂತ ಮಾಡುತ್ತಾಳೆ. ಈ ಶಾಸ್ತ್ರ ನಿಮ್ಮಲ್ಲಿ ಇಲ್ಲವಲ್ಲ ಎಂದು ಸೊಸೆ ಕೇಳಿದರೆ, ಮಗಳನ್ನು ಸಂತೋಷವಾಗಿಡುವ ಶಾಸ್ತ್ರ ಎಲ್ಲ ಮನೆಯಲ್ಲೂ ಇದೆಯಲ್ಲ ಎನ್ನುವ ಅರ್ಥದ ಮಾತು. ಒಂದು ನಿಮಿಷವೂ ಇಲ್ಲ ಆ ಚಿತ್ರ. ದೇಶದ ತುಂಬ ಬೈಗುಳ ಎದ್ದಿತು, ಬಹಿಷ್ಕಾರದ ಕೂಗಾಯಿತು, 13ನೇ ತಾರೀಕು ಕಂಪನಿ ಹಿಂತೆಗೆಯಿತು. ಗುಜರಾತಿನ ಗಾಂಧೀಧಾಮದ ಅಂಗಡಿಯ ಬಾಗಿಲಿಗೆ ಕ್ಷಮಾಪಣೆಯ ಚೀಟಿ ಅಂಟಿತು. ತನಿಷ್ಕ್ ಎಲ್ಲಿಯೋ ದೂರದ ಕಂಪನಿಯದೇನಲ್ಲ. ಅದು ಟೈಟಾನಿನದು. ಟೈಟಾನಿನ ಕಚೇರಿ ಬೆಂಗಳೂರಿನಲ್ಲಿ, ಕಾರ್ಖಾನೆ ಗಡಿಯಾಚೆಯ ಹೊಸೂರಿನಲ್ಲಿ. 2013ರಲ್ಲಿ ಇದೇ ತನಿಷ್ಕ್ ಕಪ್ಪು ಬಣ್ಣದ ಮದುಮಗಳನ್ನು, ಅದೂ ಪುಟ್ಟ ಮಗಳ ಕೈ ಹಿಡಿದು ಎರಡನೇ ಮದುವೆಯಾಗುವವಳನ್ನು ತೋರಿಸಿತ್ತು. ಗೌರಿ ಶಿಂಧೆ ತೆಗೆದದ್ದು. ಆಗ ಎಲ್ಲರೂ ಮೆಚ್ಚಿದ್ದರು.

ಹಿಂತೆಗೆದದ್ದು ಹೇಡಿತನ ಎಂದು ಪತ್ರಿಕೆಯವರು ಬರೆದರು. ನಾನು ಅದಕ್ಕೆ ಇಲ್ಲ ಅನ್ನುವುದಿಲ್ಲ. ನನ್ನ ತಕರಾರು ಬೇರೆ. ನಮ್ಮವರು ಬೆರೆತ ಮನೆಯನ್ನು ತೋರಿಸುವುದು ಎರಡೇ ದಿನ. ಸಿನಿಮಾದಲ್ಲಿ ಸಾಯುವ ದಿನ, ಜಾಹೀರಾತಿನಲ್ಲಿ ಹಬ್ಬದ ದಿನ. ಮೈತುಂಬ ಬಂಗಾರ ಹಾಕಿಕೊಂಡು, ದೀಪ ಹಚ್ಚಿ, ತೋರಣ ಕಟ್ಟಿ ನಿಂತಾಗ ಯಾವ ಅತ್ತೆಯೂ ಒಳ್ಳೆಯವಳೇ. ಮಂಗಳವಾರ ಮಧ್ಯಾಹ್ನ ಸಾರಿಗೆ ಹುಳಿ ಹ್ಯಾಗೆ ಹಾಕಬೇಕು ಅಂತ ಜಗಳವಾಡಿ, ಸಂಜೆಗೆ ಮರೆತು ಒಟ್ಟಿಗೆ ಟಿವಿ ನೋಡುವ ಮನೆ ನನಗೆ ಎಲ್ಲೂ ಕಾಣಲಿಲ್ಲ. ತಾಲೂಕು ಕಚೇರಿಯ ಗೋಡೆಯ ಮೇಲೆ ಸಮಾಜ ಕಲ್ಯಾಣ ಇಲಾಖೆಯ ಪ್ರಕಟಣೆ ಇದೆ. ಅಂತರ್ಜಾತಿ ಮದುವೆಗೆ ಪ್ರೋತ್ಸಾಹಧನ, ಪರಿಶಿಷ್ಟ ಜಾತಿಯ ವರನಾದರೆ 2.5 ಲಕ್ಷ, ವಧುವಾದರೆ 3 ಲಕ್ಷ. ಒಳ್ಳೆಯದೇ. ಅದರಲ್ಲೂ ಮದುವೆಯ ದಿನದ ಲೆಕ್ಕವೇ.

ನಮ್ಮಣ್ಣನ ಮಗ ಅಮೆರಿಕದಿಂದ ಫೋನಿನಲ್ಲಿ ಒಂದು ಜಾಹೀರಾತು ಕಳಿಸಿದ್ದ, ಆಗಿನ್ನೂ ಅವನ ಮದುವೆ ಮಾತು ಮನೆಯಲ್ಲಿ ಎತ್ತಿರಲಿಲ್ಲ. 2013ರದು, ಚೀರಿಯೋಸ್ ಎಂಬ ಬೆಳಗಿನ ತಿಂಡಿಯದು. ಪುಟ್ಟ ಹುಡುಗಿ ಬಿಳಿಯ ತಾಯಿಯನ್ನು, ಇದು ಎದೆಗೆ ಒಳ್ಳೇದಾ ಎಂದು ಕೇಳುತ್ತಾಳೆ. ಹೌದು ಎಂದರೆ ಡಬ್ಬಿ ಎತ್ತಿಕೊಂಡು ಓಡುತ್ತಾಳೆ. ಸೋಫಾದ ಮೇಲೆ ಮಲಗಿದ್ದ ಕರಿಯ ತಂದೆ ಎದ್ದಾಗ ಎದೆಯ ಮೇಲಿಂದ ತಿಂಡಿ ಸುರಿಯುತ್ತದೆ. ಅಷ್ಟೇ. ಅದಕ್ಕೂ ಎಷ್ಟು ಹೊಲಸು ಬರೆದರೆಂದರೆ ಅಭಿಪ್ರಾಯ ಬರೆಯುವ ಜಾಗವನ್ನೇ ಮುಚ್ಚಬೇಕಾಯಿತು. ಕಂಪನಿ ಜಾಹೀರಾತನ್ನು ಹಿಂತೆಗೆಯಲಿಲ್ಲ, ಮುಂದಿನ ವರ್ಷ ಸೂಪರ್ ಬೌಲ್ ಆಟದ ನಡುವೆ ಅದೇ ಮನೆಯವರನ್ನು ಮತ್ತೆ ತೋರಿಸಿತು. ನಾನು ಅದನ್ನು ಮೂರು ಸಲ ನೋಡಿದೆ. ಅಲ್ಲಿ ಹಬ್ಬವಿರಲಿಲ್ಲ. ಅಪ್ಪ ಮಲಗಿದ್ದ. ಬಹುಶಃ ಬೈದವರನ್ನು ಕೆಣಕಿದ್ದೂ ಅದೇ ಇರಬೇಕು.

ಜಾಹೀರಾತು ಯಾಕೆ ಕಳಿಸಿದ್ದ ಎಂದು ಮುಂದೆ ತಿಳಿಯಿತು. ಓಹಾಯೋ ರಾಜ್ಯದ ಹುಡುಗಿ, ಬಿಳಿಯಳು. 2019ರಲ್ಲಿ ನಾಲ್ಕು ವರ್ಷದ ಮಗಳೊಂದಿಗೆ ಮೊದಲ ಸಲ ಊರಿಗೆ ಬಂದರು. ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿದರು. ಸಂತೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ಅವಳ ಕಣ್ಣು ಮೂಗೆಲ್ಲ ಕೆಂಪಾಯಿತು. ನಮ್ಮ ಮನೆಯಲ್ಲಿ ಅವಳು ನೆಲದ ಮೇಲೆ ಕಾಲು ಚಾಚಿ ಕೂತು ಧಾರಾವಾಹಿ ನೋಡಿ, ಯಾರೂ ಮಾತಾಡದೆ ಎಲ್ಲರ ಮುಖವನ್ನೂ ಇಷ್ಟಿಷ್ಟು ಹೊತ್ತು ಯಾಕೆ ತೋರಿಸುತ್ತಾರೆ ಎಂದು ಕೇಳಿದಳು. ನನ್ನ ಹೆಂಡತಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು, ಇಬ್ಬರೂ ಸೇರಿ ಬಾಯಿ ತಪ್ಪಿದ ಅತ್ತೆಯನ್ನು ನೋಡಿ ನಕ್ಕರು. ಮೊಮ್ಮಗಳಿಗೆ ನಮ್ಮಪ್ಪನ ರಂಪಿಗೆ, ಉಳಿ ಆಟದ ಸಾಮಾನಾದವು.

ಒಂದು ಸಂಜೆ ನಾಲ್ವರೂ ಓಣಿಯಲ್ಲಿ ಬರುತ್ತಿದ್ದಾಗ ಮೇಲಿನ ಓಣಿಯ ದೊಡ್ಡ ಮನೆಯ ಜಗಲಿಯಿಂದ ಅಜ್ಜಿ ಕೂಗಿದಳು, “ಒಳಗ ಬಾರವ್ವ, ಚಹಾ ಕುಡದು ಹೋಗುವಂತಿ.” ಆ ಜಗಲಿ ನನಗೆ ಚೆನ್ನಾಗಿ ಗೊತ್ತು. ಅಲ್ಲಿ ನಾನು ಅದೆಷ್ಟೋ ಮಧ್ಯಾಹ್ನ ಮುಚ್ಚಳ ಬಿಚ್ಚಿಟ್ಟು ಕೂತಿದ್ದೇನೆ. ಸೊಸೆ ಹಿಂದೆಮುಂದೆ ನೋಡದೆ ಚಪ್ಪಲಿ ಬಿಟ್ಟು, ಮಗುವಿನ ಕೈ ಹಿಡಿದು ಹೊಸ್ತಿಲು ದಾಟಿದಳು. ಅಜ್ಜಿ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಅಣ್ಣನ ಮಗ ಒಮ್ಮೆ ನನ್ನ ಮುಖ ನೋಡಿ, ಹೆಂಡತಿಯ ಹಿಂದೆ ಹೋದ. ನಾನು ಮೆಟ್ಟಿಲ ಹತ್ತಿರ ಉಳಿದೆ. ಪೋಸ್ಟರಿನ ಕೆನ್ನೆ ಮುಟ್ಟಿದ್ದ ಆ ಮುದುಕಿ ಆಗ ನೆನಪಾದಳು.

ಒಳಗಿನಿಂದ ಸೊಸೆ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಚಿಕ್ಕಪ್ಪ ಎಲ್ಲಿ ಎಂದು ಇರಬೇಕು. ಮಾತು ಒಂದು ಗಳಿಗೆ ನಿಂತಿತು. ಆಮೇಲೆ ಅಜ್ಜಿಯ ಮೊಮ್ಮಗ, ಬೆಂಗಳೂರಿನಲ್ಲಿ ಓದುವ ಹುಡುಗ, ಬಾಗಿಲಿಗೆ ಬಂದು, “ಕಾಕಾ, ನೀವೂ ಬರ್ರಿ,” ಅಂದ. ಅಜ್ಜಿ ಬಾ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.

ಹೋದೆ. ನಡುಮನೆ ನಾನು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಗೋಡೆಗೆ ಹೊಸ ಚಪ್ಪಟೆ ಟಿವಿ ಇತ್ತು, ಡಿಶ್ಶಿನ ತಂತಿಯದು, ನನಗೂ ಅದಕ್ಕೂ ಸಂಬಂಧವಿಲ್ಲ. ಯಾವುದೋ ಬಟ್ಟೆ ಸೋಪಿನ ಜಾಹೀರಾತು ಓಡುತ್ತಿತ್ತು. ಕುರ್ಚಿ ಕೊಟ್ಟರು, ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟರು, ಎಲ್ಲರಿಗೂ ಅದೇ ಲೋಟ. ಮಗು ನನ್ನ ತೊಡೆ ಹತ್ತಿತು. ಮಾತಾಡಲು ಏನೂ ತೋಚದೆ ನಾನು ಸೂರಿನ ಮೂಲೆ ನೋಡಿದೆ. ಅಲ್ಲಿಂದ ಒಂದು ಹಳೆಯ ಚಪ್ಪಟೆ ತಂತಿ ತೊಲೆಗುಂಟ ಇಳಿದು ಬಂದಿತ್ತು, ಮೂರು ಸಲದ ಸುಣ್ಣ ಅದರ ಮೇಲೆ ಕೂತಿತ್ತು. ಹೊರಗೆ ಮಾಳಿಗೆಯಿಂದ ಇಳಿಸಿ ಗೋಡೆಯ ತೂತಿನೊಳಗೆ ತೂರಿಸಿದ್ದು ನಾನು. ಒಳಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಆವತ್ತು ನೋಡಿದೆ. ಯಾರೋ ಅದನ್ನು ದೇವರ ಕೋಣೆಯ ಬಾಗಿಲ ಮೇಲಿಂದ ಹಾಯಿಸಿ, ಅಲ್ಲೊಂದು ಮೊಳೆ ಹೊಡೆದು, ಗಂಟು ಹಾಕಿದ್ದರು. ಗಂಟು ಸರಿಯಾಗಿ ಹಾಕಿರಲಿಲ್ಲ. ಚುಕ್ಕಿ ಬರುತ್ತಿದ್ದದ್ದು ಅದಕ್ಕೇ.